ಪ್ಲಗ್, ಕಾಯಿಲ್ ಬದಲಾಯಿಸಿದ ಮೇಲೂ ಎಂಜಿನ್ ಮಿಸ್ ಹೊಡೆಯುತ್ತಿದೆಯೇ?

ಹಾಲು ಕರೆಯುವ ಯಂತ್ರ ಇಟ್ಟುಕೊಂಡಿರುವ ನಮ್ಮ ಅನೇಕ ಸದಸ್ಯೆಯರ ಕೊಟ್ಟಿಗೆಯಲ್ಲಿ ಕರೆಂಟ್ ಮೋಟಾರಿನ ಪಕ್ಕದಲ್ಲೇ ಒಂದು ಸಣ್ಣ ಪೆಟ್ರೋಲ್ ಎಂಜಿನ್ ಕೂಡ ಇರುತ್ತದೆ. ಕರೆಂಟ್ ಇದ್ದಾಗ ಬೆಲ್ಟ್ ಮೋಟಾರಿಗೆ, ಹೋದಾಗ ಎಂಜಿನ್ನಿಗೆ. ಬೆಳಗಿನ ಜಾವ ಐದು ಗಂಟೆಗೆ ಕರೆಂಟ್ ಇಲ್ಲ, ಏಳರೊಳಗೆ ಹಾಲು ಡೇರಿಗೆ ಹೋಗಬೇಕು, ಹತ್ತು ಸಲ ಹಗ್ಗ ಎಳೆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮರುದಿನ ಅದು ಪೇಟೆಯ ಮೆಕ್ಯಾನಿಕ್ ಹತ್ತಿರ ಹೋಗುತ್ತದೆ. "ಪ್ಲಗ್ ಹೋಗಿತ್ತು ಅಕ್ಕ, ಕಾಯಿಲ್ಲೂ ವೀಕ್ ಆಗಿತ್ತು, ಎರಡೂ ಹೊಸದು ಹಾಕಿದ್ದೀನಿ" ಎಂಬ ಮಾತಿನೊಂದಿಗೆ ವಾಪಸ್ ಬರುತ್ತದೆ. ಈಗ ಒಂದೆರಡು ಎಳೆತಕ್ಕೇ ಸ್ಟಾರ್ಟ್ ಆಗುತ್ತದೆ ನಿಜ. ಆದರೆ ಬೆಲ್ಟ್ ಹಾಕಿದ ಕೂಡಲೇ ಮೈಯೆಲ್ಲ ಅಲುಗಾಡುತ್ತದೆ, ನಡುನಡುವೆ ಉಸಿರು ಕಟ್ಟಿದ ಹಾಗೆ ಮಿಸ್ ಹೊಡೆಯುತ್ತದೆ, ಸೈಲೆನ್ಸರಿನಲ್ಲಿ ಪಟ್ ಪಟ್ ಎನ್ನುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಇನ್ನೊಂದು ಪ್ಲಗ್ ತರುವುದು. ಅದಕ್ಕೂ ಬಗ್ಗದಿದ್ದರೆ ಕಾರ್ಬುರೇಟರನ್ನೇ ಬದಲಾಯಿಸುವುದು. ಹೀಗೆ ಒಂದಾದ ಮೇಲೊಂದು ಸಾಮಾನು ಕೊಳ್ಳುತ್ತಾ ಹೋದರೆ ಎರಡು ಬಟವಾಡೆಯ ಹಾಲಿನ ಹಣ ಅದಕ್ಕೇ ಹೋದರೂ ಆಶ್ಚರ್ಯವಿಲ್ಲ. ನಮ್ಮ ಸಲಹೆ ಬೇರೆ. ಹೊಸ ಸಾಮಾನು ಕೊಳ್ಳುವ ಮೊದಲು, ಕೊನೆಯ ಸಲ ಕೈ ಹಾಕಿದ ಜಾಗವನ್ನೇ ಮತ್ತೊಮ್ಮೆ ನೋಡಿ. ಮೊನ್ನೆಯವರೆಗೆ ಇಲ್ಲದ ಅಲುಗಾಟ ರಿಪೇರಿಯಾದ ಮೇಲೆ ಬಂದಿದ್ದರೆ, ಬಿಚ್ಚಿ ಜೋಡಿಸಿದ ಕಡೆಯೇ ಅದರ ಮೂಲ ಇರುವ ಸಾಧ್ಯತೆ ಹೆಚ್ಚು.

ಇನ್ನೊಂದು ಮಾತು. ಎಂಜಿನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವವರು ಸಾಮಾನ್ಯವಾಗಿ ಮನೆಯ ಯಜಮಾನರು ಅಥವಾ ಮಗ. ದಿನಾ ಎರಡು ಹೊತ್ತು ಅದರ ಪಕ್ಕದಲ್ಲಿ ಕೂತು ಸದ್ದು ಕೇಳುವವರು ನೀವು. ಯಾವಾಗ ಮಿಸ್ ಹೊಡೆಯಿತು, ಬೆಲ್ಟ್ ಹಾಕುವ ಮೊದಲೋ ಆಮೇಲೋ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಇದೆಲ್ಲ ಗೊತ್ತಿರುವುದು ನಿಮಗೆ. ಆ ಮಾತು ಮೆಕ್ಯಾನಿಕ್‌ಗೆ ತಲುಪದೆ ಹೋದರೆ ಅವರಾದರೂ ಏನು ಮಾಡಿಯಾರು? ಅಂದಾಜಿನ ಮೇಲೆ ಪ್ಲಗ್ ಬದಲಾಯಿಸುತ್ತಾರೆ.

ಎಂಜಿನ್ನಿನ ತೊಂದರೆ ಕೆಚ್ಚಲಿಗೆ ಹೇಗೆ ಮುಟ್ಟುತ್ತದೆ

"ಹೇಗೋ ಓಡುತ್ತಿದೆಯಲ್ಲ, ಈ ಹೊತ್ತಿನ ಹಾಲು ಕರೆದುಬಿಡೋಣ" ಎಂದು ಅನ್ನಿಸುವುದು ಸಹಜ. ನೀರೆತ್ತುವ ಪಂಪಾಗಿದ್ದರೆ ಹಾಗೆ ಮಾಡಬಹುದಿತ್ತು. ಹಾಲು ಕರೆಯುವ ಯಂತ್ರದಲ್ಲಿ ಮಾಡಬಾರದು.

ಎಂಜಿನ್ ತಿರುಗಿಸುವುದು ವ್ಯಾಕ್ಯೂಮ್ ಪಂಪನ್ನು. ಆ ಪಂಪು ಪೈಪಿನೊಳಗಿನ ಗಾಳಿಯನ್ನು ಎಳೆದುಕೊಂಡು ಕಪ್ಪುಗಳಲ್ಲಿ ಒಂದೇ ಮಟ್ಟದ ಎಳೆತ ಇರುವಂತೆ ನೋಡಿಕೊಳ್ಳಬೇಕು. ಹಸುಗಳಿಗೆ ಈ ಎಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್, ಪಾದರಸದ ಅಳತೆಯಲ್ಲಿ ಹೇಳುವುದಾದರೆ ಸುಮಾರು 12ರಿಂದ 15 ಇಂಚು. ನಿಮ್ಮ ಯಂತ್ರಕ್ಕೆ ಎಷ್ಟು ಎಂಬುದನ್ನು ಅದರ ಪುಸ್ತಕದಲ್ಲಿ ಕೊಟ್ಟಿರುತ್ತಾರೆ, ಅದನ್ನೇ ಅನುಸರಿಸಿ. ಎಂಜಿನ್ ಮಿಸ್ ಹೊಡೆದಾಗಲೆಲ್ಲ ಪಂಪಿನ ವೇಗ ಕುಸಿಯುತ್ತದೆ, ಮೀಟರಿನ ಮುಳ್ಳು ಹಿಂದೆ ಮುಂದೆ ಆಡುತ್ತದೆ. ಎಳೆತ ಕಡಿಮೆಯಾದಾಗ ಕಪ್ ಮೊಲೆಯಿಂದ ಜಾರುತ್ತದೆ. ಕಿರ್ ಎಂದು ಸದ್ದು ಬರುತ್ತದಲ್ಲ, ಅದು ಜಾರಿದ ಸಂದಿಯಿಂದ ಗಾಳಿ ಒಳನುಗ್ಗುವ ಸದ್ದು. ಹಾಗೆ ನುಗ್ಗಿದ ಗಾಳಿ ಹಾಲಿನ ಹನಿಗಳನ್ನು ಮೊಲೆಯ ತುದಿಯ ರಂಧ್ರಕ್ಕೆ ವಾಪಸ್ ಎರಚಬಲ್ಲದು. ಒಂದು ಮೊಲೆಯಲ್ಲಿ ರೋಗಾಣು ಇದ್ದರೆ ಇನ್ನೊಂದು ಮೊಲೆಗೆ ಹೋಗಲು ಅಷ್ಟು ಸಾಕು. ಕೆಚ್ಚಲು ಬಾವು ಬಂದರೆ ಎಷ್ಟು ದಿನ ಹಾಲು ಚೆಲ್ಲಬೇಕು ಎಂಬ ಲೆಕ್ಕ ನಿಮಗೆ ನಾವು ಹೇಳಬೇಕಾಗಿಲ್ಲ.

ಸೊರೆ ಬಿಡುವ ಸಮಯವೂ ಚಿಕ್ಕದು. ಕೆಚ್ಚಲು ತೊಳೆದು ಸವರಿದ ಮೇಲೆ ಹಸು ಹಾಲು ಇಳಿಸುವುದು ಐದಾರು ನಿಮಿಷ ಮಾತ್ರ. ಆ ನಡುವೆ ಎಂಜಿನ್ ನಿಂತು, ಮತ್ತೆ ಹಗ್ಗ ಎಳೆದು ಓಡಿಸುವಷ್ಟರಲ್ಲಿ ಹಸು ಹಾಲು ಏರಿಸಿಕೊಂಡಿರುತ್ತದೆ. ಆದ್ದರಿಂದ ಎಂಜಿನ್ ಮಿಸ್ ಹೊಡೆಯುತ್ತಿರುವ ದಿನ ಕಷ್ಟವಾದರೂ ಕೈಯಲ್ಲೇ ಕರೆಯಿರಿ. ಎಂಜಿನ್ನಿನ ಪರೀಕ್ಷೆಯನ್ನು ಹಾಲು ಡೇರಿಗೆ ಹೋದ ಮೇಲೆ ನಿಧಾನವಾಗಿ ಮಾಡಿ.

ಕಿಡಿ ಹುಟ್ಟುವ ದಾರಿ

ಗ್ಯಾಸ್ ಲೈಟರ್ ಒತ್ತಿದಾಗ ಎರಡು ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಸ್ಪಾರ್ಕ್ ಪ್ಲಗ್ ಮಾಡುವುದೂ ಅದನ್ನೇ. ಎಂಜಿನ್ನಿನ ಒಂದು ಬದಿಯಲ್ಲಿ ತಿರುಗುವ ಭಾರವಾದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಒಂದು ಅಯಸ್ಕಾಂತ ಕೂರಿಸಿರುತ್ತಾರೆ. ಅದರ ಪಕ್ಕದಲ್ಲೇ, ತಗುಲಿಯೂ ತಗುಲದಷ್ಟು ಹತ್ತಿರದಲ್ಲಿ, ಕಾಯಿಲ್ ಇರುತ್ತದೆ. ಅಯಸ್ಕಾಂತ ಎದುರಿನಿಂದ ಹಾದುಹೋದಾಗಲೆಲ್ಲ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ, ದಪ್ಪ ವೈರಿನ ಮೂಲಕ ಪ್ಲಗ್ ಕ್ಯಾಪಿಗೆ, ಅಲ್ಲಿಂದ ಪ್ಲಗ್ಗಿನ ತುದಿಗೆ ಹೋಗಿ ಕಿಡಿಯಾಗಿ ಹಾರುತ್ತದೆ. ಇದಕ್ಕೆ ಬ್ಯಾಟರಿ ಬೇಡ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಅಯಸ್ಕಾಂತ ಸೆಕೆಂಡಿಗೆ 50 ಸಲ ಕಾಯಿಲ್ ಮುಂದೆ ಹಾದುಹೋಗುತ್ತದೆ. ಇವುಗಳಲ್ಲಿ ಕೆಲವು ಕಿಡಿ ತಪ್ಪಿದರೂ ಎಂಜಿನ್ ನಿಲ್ಲುವುದಿಲ್ಲ, ಆದರೆ ಎಡವುತ್ತದೆ. ನಿಮಗೆ ಕೇಳಿಸುವುದು ಆ ಎಡವು.

ಎಂಜಿನ್ ನಿಲ್ಲಿಸುವ ಸ್ವಿಚ್ ಮಾಡುವ ಕೆಲಸವೂ ತಿಳಿದಿರಲಿ. ಕಾಯಿಲಿನಿಂದ ಒಂದು ಸಣ್ಣ ವೈರು ಸ್ವಿಚ್ಚಿಗೆ ಬಂದಿರುತ್ತದೆ. ಸ್ವಿಚ್ ಆಫ್ ಮಾಡಿದಾಗ ಆ ವೈರು ಎಂಜಿನ್ನಿನ ಲೋಹದ ಮೈಗೆ ಸೇರುತ್ತದೆ, ಕಿಡಿ ಸಾಯುತ್ತದೆ. ಮನೆಯ ದೀಪದ ಸ್ವಿಚ್ಚಿಗಿಂತ ಇದು ಉಲ್ಟಾ: ಇಲ್ಲಿ ಸೇರಿದರೆ ಆಫ್, ಬಿಟ್ಟರೆ ಆನ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಕ್ಯಾಪ್, ಆಮೇಲೆ ಪ್ಲಗ್

ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಸ್ವಿಚ್ ಆಫ್ ಇರಲಿ, ಬೆಲ್ಟ್ ತೆಗೆದಿರಲಿ. ಸೆರಗು, ವೇಲ್, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ಹುಲ್ಲು ಮೇವಿನಿಂದ ದೂರ, ಬಯಲಿನಲ್ಲಿ ಕೂತು ನೋಡಿ.

ಪ್ಲಗ್ ಕ್ಯಾಪನ್ನು ಹಿಡಿದು ನೇರವಾಗಿ ಎಳೆಯಿರಿ. ವೈರು ಹಿಡಿದು ಎಳೆಯಬೇಡಿ. ವಾಪಸ್ ಒತ್ತುವಾಗ ಟಕ್ ಎಂದು ಕೂರಬೇಕು. ಕೂರದೆ ಸಡಿಲವಾಗಿ ಆಡುತ್ತಿದ್ದರೆ ಪ್ಲಗ್ಗಿನ ತಲೆ ನೋಡಿ. ಕೆಲವು ಪ್ಲಗ್ಗುಗಳ ತಲೆಯ ಮೇಲೆ ತಿರುಗಿಸಿ ತೆಗೆಯಬಹುದಾದ ಪುಟ್ಟ ನಟ್ ಇರುತ್ತದೆ. ಕೆಲವು ಕ್ಯಾಪುಗಳಿಗೆ ಆ ನಟ್ ಬೇಕು, ಕೆಲವಕ್ಕೆ ಅದನ್ನು ತೆಗೆದು ಹಾಕಬೇಕು. ಹಳೆಯ ಪ್ಲಗ್ಗಿನಲ್ಲಿ ಹೇಗಿತ್ತೋ ಹೊಸದರಲ್ಲೂ ಹಾಗೇ ಇರಬೇಕು. ನಟ್ ಅರ್ಧ ಸಡಿಲವಾಗಿದ್ದರೂ ಎಂಜಿನ್ ಅಲುಗಿದಾಗಲೆಲ್ಲ ಸಂಪರ್ಕ ತಪ್ಪಿ ಮಿಸ್ ಹೊಡೆಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಹೊಸ ಕಾಯಿಲ್ ಕೊಂಡರೆ ನಷ್ಟ ಯಾರಿಗೆ ಹೇಳಿ.

ಕ್ಯಾಪಿನ ಇನ್ನೊಂದು ತುದಿಯೂ ಮುಖ್ಯ. ಹಲವು ಎಂಜಿನ್ನುಗಳಲ್ಲಿ ಕ್ಯಾಪಿನ ಒಳಗಿರುವ ಸ್ಕ್ರೂ ಮೊನೆ ದಪ್ಪ ವೈರಿನ ನಡುವಿನ ತಾಮ್ರದ ಎಳೆಗಳಿಗೆ ಚುಚ್ಚಿಕೊಂಡಿರುತ್ತದೆ. ಕ್ಯಾಪನ್ನು ಪದೇಪದೇ ಎಳೆದಾಗ ಈ ಹಿಡಿತ ಸಡಿಲವಾಗುತ್ತದೆ. ಅಂಥ ಕ್ಯಾಪಾಗಿದ್ದರೆ ಎಡಕ್ಕೆ ತಿರುಗಿಸಿ ಬಿಚ್ಚಿ, ವೈರಿನ ತುದಿ ಹಸಿರುಗಟ್ಟಿದ್ದರೆ ಅಥವಾ ಕರಕಲಾಗಿದ್ದರೆ ಅರ್ಧ ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಿ, ಕ್ಯಾಪನ್ನು ಮತ್ತೆ ತಿರುಗಿಸಿ ಹಾಕಿದರೆ ಹೊಸ ಹಿಡಿತ ಸಿಗುತ್ತದೆ. ಎಳೆದರೂ ಬಿಚ್ಚದಂತೆ ಅಚ್ಚು ಹಾಕಿ ಕೂರಿಸಿದ ಕ್ಯಾಪಾದರೆ ಕೈ ಹಾಕಬೇಡಿ.

ಈಗ ಪ್ಲಗ್. ಹೊಸದೆಂದ ಮಾತ್ರಕ್ಕೆ ಸರಿಯಾದದ್ದು ಎಂದಲ್ಲ. ಹಳೆಯ ಪ್ಲಗ್ಗನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಮೇಲೆ ಬರೆದ ನಂಬರ್ ಓದಿ, ಪುಸ್ತಕದ ನಂಬರಿನೊಂದಿಗೆ ತಾಳೆ ನೋಡಿ. ಮರೆಯ ಉದ್ದ ಬೇರೆಯಾಗಿದ್ದರೆ ಕಿಡಿ ಬೀಳಬೇಕಾದ ಜಾಗದಲ್ಲಿ ಬೀಳುವುದಿಲ್ಲ. ಉದ್ದ ಹೆಚ್ಚಾಗಿದ್ದರೆ ಒಳಗೆ ಪಿಸ್ಟನ್ನಿಗೇ ತಾಗುವ ಅಪಾಯವಿದೆ. "ಎಲ್ಲಾದಕ್ಕೂ ಇದೇ ಆಗುತ್ತೆ" ಎಂದು ಅಂಗಡಿಯಲ್ಲಿ ಕೊಟ್ಟ ಪ್ಲಗ್ಗನ್ನು ನಂಬಬೇಡಿ.

ತುದಿಯ ಸಂದು ಅಳೆಯಿರಿ. ಬಹಳಷ್ಟು ಸಣ್ಣ ಎಂಜಿನ್ನುಗಳಲ್ಲಿ ಇದು 0.6ರಿಂದ 0.8 ಮಿಲಿಮೀಟರ್ ನಡುವೆ ಇರುತ್ತದೆ. ಅಳೆಯುವ ಗೇಜ್ ಇಲ್ಲದಿದ್ದರೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಬೆನ್ನು ಹೆಚ್ಚುಕಡಿಮೆ 0.6 ಮಿಲಿಮೀಟರ್ ದಪ್ಪವಿರುತ್ತದೆ. ಹಲ್ಲಿನ ಬದಿ ಅಲ್ಲ, ಬೆನ್ನಿನ ಬದಿ. ಅದು ಸಂದಿನಲ್ಲಿ ತುಸು ಉಜ್ಜಿಕೊಂಡು ಹೋದರೆ ಸರಿ. ಒಳಗೇ ಹೋಗದಿದ್ದರೆ ಸಂದು ಕಿರಿದು, ಎರಡು ಬ್ಲೇಡ್ ಒಟ್ಟಿಗೆ ಹೋದರೆ ತೀರ ಅಗಲ. ಪ್ಲಗ್ ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಸಾಕು, ಸಂದು ಮುಚ್ಚಿಹೋಗಿರುತ್ತದೆ. ಬಗ್ಗಿಸಬೇಕಾದರೆ ಹೊರಗಿನ ಕೊಂಡಿಯನ್ನು ಮಾತ್ರ ಬಗ್ಗಿಸಿ, ನಡುವಿನ ಕಡ್ಡಿಯನ್ನು ಮುಟ್ಟಬೇಡಿ.

ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪಾನೆಯನ್ನು ಓರೆಯಾಗಿ ಹಾಕಿ ಬಿಗಿದಾಗ ಇಂಥ ಬಿರುಕು ಬರುತ್ತದೆ, ಕಿಡಿ ತುದಿಯಲ್ಲಿ ಹಾರುವ ಬದಲು ಅಲ್ಲಿಂದಲೇ ಸೋರುತ್ತದೆ. ಇದಕ್ಕೆ ರಿಪೇರಿ ಇಲ್ಲ, ಪ್ಲಗ್ ಎಸೆಯಬೇಕು.

ಹಾಕುವಾಗ ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಮರೆ ಅಡ್ಡ ಹತ್ತುತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ಕೂತ ಮೇಲೆ ಹೊಸ ಪ್ಲಗ್ಗಾದರೆ ಪಾನೆಯಿಂದ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತಿನೊಳಗೆ ಸಾಕು. ಸಡಿಲ ಬಿಟ್ಟರೆ ಒಳಗಿನ ಒತ್ತಡ ಸುಸ್ ಎಂದು ಸೋರಿ ಎಂಜಿನ್ನಿಗೆ ಬಲ ಬರುವುದಿಲ್ಲ. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆಯೇ ಕಿತ್ತುಬರುತ್ತದೆ.

ಕಾಯಿಲ್ ಹಾಕಿದ ಕಡೆ

ಇಲ್ಲಿಂದ ಮುಂದೆ ಮೇಲಿನ ತಗಡಿನ ಕವಚ ಬಿಚ್ಚಬೇಕಾಗುತ್ತದೆ. ಕೈ ಪಳಗಿದವರು ತಾವೇ ಮಾಡಬಹುದು. ಉಳಿದವರು ಮೆಕ್ಯಾನಿಕ್ ಹತ್ತಿರ ನಿಂತು ಇವಿಷ್ಟನ್ನು ಕೇಳಿ ನೋಡಿಸಿಕೊಳ್ಳಿ.

ಮೊದಲನೆಯದು ಕಾಯಿಲಿಗೂ ಫ್ಲೈವೀಲಿಗೂ ನಡುವಿನ ಸಂದು. ಸಾಮಾನ್ಯವಾಗಿ 0.3ರಿಂದ 0.5 ಮಿಲಿಮೀಟರಿನ ಆಸುಪಾಸು, ಅಂದರೆ ಒಂದು ದಪ್ಪನೆಯ ವಿಸಿಟಿಂಗ್ ಕಾರ್ಡ್ ಹೋಗುವಷ್ಟು. ಸ್ಕ್ರೂ ಸಡಿಲಿಸಿ, ನಡುವೆ ಕಾರ್ಡ್ ಇಟ್ಟು, ಅಯಸ್ಕಾಂತವನ್ನು ಕಾಯಿಲ್ ಎದುರಿಗೆ ತಂದರೆ ಅದೇ ಕಾಯಿಲನ್ನು ಎಳೆದುಕೊಳ್ಳುತ್ತದೆ. ಹಾಗೇ ಸ್ಕ್ರೂ ಬಿಗಿದು ಕಾರ್ಡ್ ಎಳೆದು ತೆಗೆಯುವುದು. ಸಂದು ಹೆಚ್ಚಾದರೆ ಕಿಡಿ ಸೊರಗುತ್ತದೆ, ಇಲ್ಲವೆಂದರೆ ಕಾಯಿಲ್ ಉಜ್ಜಿಕೊಂಡು ಹಾಳಾಗುತ್ತದೆ. ಕಾಯಿಲ್ ಕೂರುವ ಜಾಗದಲ್ಲಿ ತುಕ್ಕು, ಬಣ್ಣ ಇದ್ದರೆ ಉಜ್ಜಿ ತೆಗೆಯಬೇಕು, ಏಕೆಂದರೆ ಕಾಯಿಲಿಗೆ ಎಂಜಿನ್ನಿನ ಮೈಯೇ ಅರ್ತ್. ಕೆಲವು ಎಂಜಿನ್ನುಗಳಲ್ಲಿ ಕಾಯಿಲನ್ನು ಹಿಂದುಮುಂದಾಗಿಯೂ ಕೂರಿಸಲು ಬರುತ್ತದೆ. ಹಾಗಾದರೆ ಕಿಡಿ ತಪ್ಪು ಹೊತ್ತಿಗೆ ಬೀಳುತ್ತದೆ.

ಎರಡನೆಯದು ಆ ಸಣ್ಣ ಸ್ವಿಚ್ ವೈರು. ನಮ್ಮ ಅಭಿಪ್ರಾಯದಲ್ಲಿ ರಿಪೇರಿಯಾದ ಮೇಲೆ ಬರುವ ಮಿಸ್ಸಿಂಗಿಗೆ ಯಾರೂ ಗಮನಿಸದ ಕಾರಣ ಇದೇ. ಕವಚ ಹಾಕುವಾಗ ವೈರು ತಗಡಿನ ಅಂಚಿಗೆ ಸಿಕ್ಕಿ ಅದರ ರಬ್ಬರ್ ಕೊಯ್ದಿರುತ್ತದೆ. ಎಂಜಿನ್ ಅಲುಗಿದಾಗಲೆಲ್ಲ ಒಳಗಿನ ತಂತಿ ಮೈಗೆ ತಾಗುತ್ತದೆ, ಅಷ್ಟು ಹೊತ್ತು ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಕಿಡಿ ನಿಲ್ಲುತ್ತದೆ. ಪರೀಕ್ಷೆ ಸುಲಭ. ಬೆಲ್ಟ್ ತೆಗೆದು, ಎಂಜಿನ್ ಆಫ್ ಇರುವಾಗ, ಆ ವೈರಿನ ಜಾಯಿಂಟ್ ಬಿಡಿಸಿ, ತುದಿಗೆ ಟೇಪು ಸುತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಎಂಜಿನ್ ನಯವಾಗಿ ಓಡಿದರೆ ತೊಂದರೆ ವೈರಿನಲ್ಲೋ ಸ್ವಿಚ್ಚಿನಲ್ಲೋ ಇದೆ, ಕಾಯಿಲಿನಲ್ಲಿ ಅಲ್ಲ. ಆದರೆ ಈಗ ಸ್ವಿಚ್ಚಿನಿಂದ ಎಂಜಿನ್ ನಿಲ್ಲುವುದಿಲ್ಲ, ಚೋಕ್ ಪೂರ್ತಿ ಮುಚ್ಚಿ ನಿಲ್ಲಿಸಬೇಕು. ಇದು ಗೊತ್ತಿಲ್ಲದೆ ಈ ಪರೀಕ್ಷೆಗೆ ಇಳಿಯಬೇಡಿ. ಪರೀಕ್ಷೆ ಮುಗಿದ ಮೇಲೆ ವೈರು ಹಾಕಲು ಮರೆಯಬೇಡಿ.

ಎಣ್ಣೆ ಕಡಿಮೆಯಾದರೆ ತಾನೇ ನಿಲ್ಲುವ ಎಂಜಿನ್ನುಗಳೂ ಇವೆ. ಅವುಗಳಲ್ಲಿ ಎಣ್ಣೆ ಕಡಿಮೆ ಇದ್ದು, ಎಂಜಿನ್ನನ್ನು ಕೊಟ್ಟಿಗೆಯ ಇಳಿಜಾರು ನೆಲದ ಮೇಲೆ ಇಟ್ಟಿದ್ದರೆ ಇದೇ ರೀತಿ ಎಡವಬಹುದು. ಸಮನಾದ ನೆಲದ ಮೇಲಿಟ್ಟು ಎಣ್ಣೆ ಮಟ್ಟ ನೋಡಿ.

ಹಳೆಯ ಕಾಲದ ಎಂಜಿನ್ನಾದರೆ ಫ್ಲೈವೀಲಿನ ಕೆಳಗೆ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ. ಅವನ್ನು ಬದಲಾಯಿಸಲು ಫ್ಲೈವೀಲನ್ನೇ ಬಿಚ್ಚಬೇಕು. ವಾಪಸ್ ಹಾಕುವಾಗ ನಡುವಿನ ಸಣ್ಣ ಕೀಲಿ ಮುರಿದರೆ ಅಥವಾ ಸರಿಯಾಗಿ ಕೂರದಿದ್ದರೆ ಕಿಡಿಯ ಹೊತ್ತು ತಪ್ಪಿ, ಹಗ್ಗ ಎಳೆದಾಗ ಕೈಗೆ ಹಿಂದಕ್ಕೆ ಹೊಡೆಯುತ್ತದೆ. ಅಂಥ ಹೊಡೆತ ಶುರುವಾದರೆ ಮತ್ತೆ ಎಳೆಯದೆ ನೇರ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಕಿಡಿಯೋ ಪೆಟ್ರೋಲೋ

ಕೈ ಹಾಕಿದ ಜಾಗವೆಲ್ಲ ಸರಿಯಿದ್ದರೆ ಆಗ ಪೆಟ್ರೋಲಿನ ಕಡೆ ತಿರುಗಿ. ಇಲ್ಲಿ ನಿಮ್ಮ ಕಿವಿಯೇ ಒಳ್ಳೆಯ ಸಾಧನ.

ಕಿಡಿ ತಪ್ಪಿದ ಎಂಜಿನ್ ಹೊತ್ತುಗೊತ್ತಿಲ್ಲದೆ, ಥಟ್ಟನೆ ಎಡವುತ್ತದೆ. ಒಂದು ಕ್ಷಣ ಸತ್ತು ಮರುಕ್ಷಣ ಎದ್ದ ಹಾಗೆ. ಪೆಟ್ರೋಲ್ ಸಾಲದ ಎಂಜಿನ್ ಹಾಗಲ್ಲ. ಅದು ತಾಳ ಹಾಕಿದಂತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹೀಗೆ ಏರಿಳಿಯುವಾಗ ಚೋಕನ್ನು ಸ್ವಲ್ಪವೇ ಮುಚ್ಚಿ ನೋಡಿ. ಸದ್ದು ಸಮವಾದರೆ ಕಾರ್ಬುರೇಟರಿನ ಜೆಟ್ ಕಟ್ಟಿದೆ ಅಥವಾ ಎಲ್ಲೋ ಗಾಳಿ ಒಳಸೇರುತ್ತಿದೆ. ಕಾಯಿಲ್ ಹಾಕಲು ಕವಚ, ಟ್ಯಾಂಕ್ ಬಿಚ್ಚಿದಾಗ ಕಾರ್ಬುರೇಟರಿನ ನಟ್ಟುಗಳು ಸಡಿಲವಾಗಿರಬಹುದು, ವೇಗ ಹಿಡಿದಿಡುವ ಗವರ್ನರಿನ ಸಣ್ಣ ಸ್ಪ್ರಿಂಗ್ ಬೇರೆ ತೂತಿಗೆ ಸಿಕ್ಕಿರಬಹುದು. ಇದೂ ಬಿಚ್ಚಿ ಜೋಡಿಸಿದ ಕಡೆಯ ತೊಂದರೆಯೇ. ಕಪ್ಪು ಹೊಗೆ ಬಂದರೆ ಉಲ್ಟಾ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರಿನಲ್ಲಿ ಹೊಟ್ಟು, ಮೇವಿನ ದೂಳು ತುಂಬಿದೆಯೇ ನೋಡಿ. ಮೇವು ಕತ್ತರಿಸುವ ಯಂತ್ರದ ಪಕ್ಕದಲ್ಲೇ ಎಂಜಿನ್ ಇಡುವವರಿಗೆ ಇದು ಹೆಚ್ಚು.

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಎಡವಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ "ಕಾಯಿಲ್ ಬಿಸಿಗೆ ಹೋಗ್ತಿದೆ" ಎನ್ನುತ್ತಾರೆ. ಇರಬಹುದು, ಹೊಸ ಕಾಯಿಲಿನಲ್ಲೂ ಆಗುತ್ತದೆ. ಆದರೆ ಅದಕ್ಕೆ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡಲು ಸೂಜಿ ಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲ್ ಇಳಿಯುತ್ತಾ ಹೋದಂತೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ ಪೆಟ್ರೋಲ್ ನಿಲ್ಲುತ್ತದೆ. ಎಂಜಿನ್ ನಿಲ್ಲುವ ಹಂತಕ್ಕೆ ಬಂದಾಗ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಪೆಟ್ರೋಲ್ ಚೆಲ್ಲದಂತೆ. ಚೇತರಿಸಿಕೊಂಡರೆ ಕಾಯಿಲ್ ನಿರ್ದೋಷಿ.

ಕತ್ತಲೆಯಲ್ಲಿ ನೋಡುವ ಪರೀಕ್ಷೆಯೂ ಒಂದಿದೆ. ಇದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಸಿಗುವಷ್ಟು ಒಳ್ಳೆಯ ಹೊತ್ತು ಪೇಟೆಯ ಮೆಕ್ಯಾನಿಕ್‌ಗೆ ಸಿಗುವುದಿಲ್ಲ. ಬೆಳಗಿನ ಜಾವ ದೀಪ ಆರಿಸಿ, ಎಂಜಿನ್ ಓಡುವಾಗ ಕೈ ಹಾಕದೆ, ದೂರದಿಂದ ಪ್ಲಗ್ ಕ್ಯಾಪ್ ಮತ್ತು ದಪ್ಪ ವೈರಿನ ಉದ್ದಕ್ಕೂ ಕಣ್ಣಾಡಿಸಿ. ನೀಲಿ ಮಿಂಚು ಕಂಡರೆ ಕಿಡಿ ಅಲ್ಲಿಂದಲೇ ಸೋರುತ್ತಿದೆ. ಕ್ಯಾಪ್ ಬದಲಾಯಿಸಿದರೆ ಸಾಕಾಗಬಹುದು. ಎಲ್ಲಿಯಾದರೂ ಪೆಟ್ರೋಲ್ ಜಿನುಗುತ್ತಿದ್ದರೆ ಮಾತ್ರ ಈ ಪರೀಕ್ಷೆ ಮಾಡಲೇಬೇಡಿ.

ಪ್ಲಗ್ ಹೊರತೆಗೆದು, ಎಂಜಿನ್ನಿನ ಮೈಗೆ ತಾಗಿಸಿ, ಹಗ್ಗ ಎಳೆದು ಕಿಡಿ ನೋಡುವುದು ಎಲ್ಲರಿಗೂ ಗೊತ್ತು. ಇದರಲ್ಲಿ ಎರಡು ಎಚ್ಚರ ಬೇಕು. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಆದ್ದರಿಂದ ಪೆಟ್ರೋಲ್ ನಲ್ಲಿ ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗನ್ನು ತೂತಿನಿಂದ ದೂರ ಹಿಡಿಯಬೇಕು. ಬರಿಗೈಯಲ್ಲಿ ಹಿಡಿದರೆ ಶಾಕ್ ಹೊಡೆಯುತ್ತದೆ. ಇನ್ನೊಂದು, ಹೊರಗೆ ಕಿಡಿ ಕಂಡಿತೆಂದು ಎಲ್ಲ ಸರಿ ಎನ್ನಲಾಗದು. ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಹಾರಲು ಕಿಡಿಗೆ ಇನ್ನೂ ಹೆಚ್ಚು ಬಲ ಬೇಕು. ಹೊರಗೆ ಹಳದಿಯಾಗಿ ಸೊರಗಿದ ಕಿಡಿ ಒಳಗೆ ಹಾರದೇ ಇರಬಹುದು. ದಪ್ಪಗೆ, ನೀಲಿಯಾಗಿ, ಟಕ್ ಟಕ್ ಎಂದು ಬಿದ್ದರೆ ಒಳ್ಳೆಯದು. ಸಾಮಾನ್ಯವಾಗಿ ಬೆಲ್ಟ್ ಇಲ್ಲದೆ ಚೆನ್ನಾಗಿ ಓಡಿ ಬೆಲ್ಟ್ ಹಾಕಿದ ಮೇಲೆ ಎಡವುವ ಎಂಜಿನ್ನಿನ ಗುಟ್ಟು ಇಲ್ಲಿರುತ್ತದೆ.

ಹಳೆ ಪೆಟ್ರೋಲಿನ ಕಥೆ

ನಮ್ಮ ಎಂಜಿನ್ನುಗಳು ದಿನಾ ಓಡುವುದಿಲ್ಲ. ಕರೆಂಟ್ ಸರಿಯಿದ್ದರೆ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿರುತ್ತವೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಇರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರಷ್ಟು ಬೆರೆಸಿದ ಇ-20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಹಳ ದಿನ ನಿಂತರೆ ನೀರು ಬೇರೆಯಾಗಿ ತಳಕ್ಕೆ ಕೂರಬಹುದು. ಪೆಟ್ರೋಲ್ ಆರಿದ ಕಡೆ ಅಂಟು ಕೂತು ಜೆಟ್ಟಿನ ಸಣ್ಣ ತೂತು ಕಟ್ಟುತ್ತದೆ.

ಇಲ್ಲಿ ಒಂದು ಮೋಸ ಆಗುತ್ತದೆ. ಕೆಟ್ಟ ಪೆಟ್ರೋಲಿನಿಂದ ಹಳೆಯ ಪ್ಲಗ್ ಮಸಿ ಹಿಡಿದು ನೆನೆದಿರುತ್ತದೆ. ಹೊಸ ಪ್ಲಗ್ ಹಾಕಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗುತ್ತದೆ, ರೋಗ ಗುಣವಾಯಿತು ಎಂದುಕೊಳ್ಳುತ್ತೇವೆ. ಆದರೆ ಪ್ಲಗ್ ಹಾಳಾದದ್ದು ರೋಗದ ಗುರುತು ಮಾತ್ರ. ಹಸುವಿನ ಜ್ವರ ಇಳಿಸಿ ಬಾವು ಬಂದ ಕೆಚ್ಚಲನ್ನು ಹಾಗೇ ಬಿಟ್ಟಂತೆ. ಹೀಗಾಗಿ ಹೊಸ ಪ್ಲಗ್ಗನ್ನು ಅರ್ಧ ಗಂಟೆ ಓಡಿಸಿದ ಮೇಲೆ ಹೊರತೆಗೆದು ತುದಿ ನೋಡಿ. ತಿಳಿಯಾದ ಕಂದು ಬಣ್ಣ, ಒಣಗಿದ್ದರೆ ಎಲ್ಲ ಸರಿ. ಒಣ ಮಸಿಯಿಂದ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಎಣ್ಣೆಯಂತೆ ಜಿಡ್ಡಾಗಿದ್ದರೆ ಎಂಜಿನ್ ಒಳಗಿನ ಎಣ್ಣೆ ಮೇಲೇರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಪೆಟ್ರೋಲಿನಿಂದ ನೆನೆದಿದ್ದರೆ ಕಿಡಿಯೇ ಬೀಳುತ್ತಿಲ್ಲ, ಅಥವಾ ಚೋಕ್ ತೆರೆಯುತ್ತಿಲ್ಲ.

ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕುವುದು, ಕಾರ್ಬುರೇಟರಿನ ತಳದ ಬಟ್ಟಲನ್ನು ಬಿಚ್ಚಿ ತೊಳೆಯುವುದು ಇವೆರಡೂ ಯಾವ ಹೊಸ ಸಾಮಾನಿಗಿಂತಲೂ ಅಗ್ಗ. ಎಂಜಿನ್ ಬಹಳ ದಿನ ಬೇಡವೆಂದಾದರೆ ನಲ್ಲಿ ಮುಚ್ಚಿ, ಪೆಟ್ರೋಲ್ ಮುಗಿದು ತಾನೇ ನಿಲ್ಲುವವರೆಗೆ ಓಡಿಸಿಡಿ. ಹದಿನೈದು ದಿನಕ್ಕೊಮ್ಮೆ ಕರೆಂಟ್ ಇದ್ದರೂ ಹತ್ತು ನಿಮಿಷ ಓಡಿಸುವುದು ಇನ್ನೂ ಒಳ್ಳೆಯದು.

ಹಳೆಯ ಸಾಮಾನು ಕೇಳಿ ಪಡೆಯಿರಿ

ಮೆಕ್ಯಾನಿಕ್ ಬದಲಾಯಿಸಿದ ಪ್ಲಗ್, ಕ್ಯಾಪ್, ಕಾಯಿಲ್ ನಿಮ್ಮವೇ. ತರುವವರಿಗೆ ಹೇಳಿ, ಕವರಿನಲ್ಲಿ ಹಾಕಿಸಿಕೊಂಡು ಬರಲಿ. ಹೊಸ ಪ್ಲಗ್ ಹಾಕಿದ ಮೇಲೆ ಎಂಜಿನ್ ಎಡವುತ್ತಿದ್ದರೆ, ಹಳೆಯ ಪ್ಲಗ್ಗನ್ನು ಉಜ್ಜಿ, ಸಂದು ಸರಿಮಾಡಿ ಮತ್ತೆ ಹಾಕಿ ನೋಡಿ. ಹಳೆಯದರಲ್ಲಿ ನಯವಾಗಿ ಓಡಿದರೆ ಹೊಸದೇ ಕೆಟ್ಟದ್ದು. ಪೇಟೆಯಲ್ಲಿ ನಕಲಿ ಪ್ಲಗ್ಗುಗಳಿಗೆ ಬರವಿಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪ್ಲಗ್, ಕ್ಯಾಪ್, ಪೆಟ್ರೋಲ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮೂರಕ್ಕೂ ದುಡ್ಡು ಕೊಡಬೇಕಾಗುತ್ತದೆ.

ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ, ಕರು ಹಾಕಿದ ದಿನ ಬರೆದಿಡುವ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲೇ ಎಂಜಿನ್ನಿನದ್ದನ್ನೂ ಬರೆಯಿರಿ. ಯಾವ ದಿನ ಏನು ಹಾಕಿಸಿದ್ದು, ಪ್ಲಗ್ಗಿನ ನಂಬರ್ ಏನು, ಎಷ್ಟು ಕೊಟ್ಟದ್ದು. ಮೆಕ್ಯಾನಿಕ್ ಹತ್ತಿರ ಕಳಿಸುವಾಗ "ಸರಿಯಾಗಿ ಓಡ್ತಿಲ್ಲ" ಎಂದಷ್ಟೇ ಹೇಳಿ ಕಳಿಸಬೇಡಿ. "ತಣ್ಣಗಿದ್ದಾಗ ಚೆನ್ನಾಗಿದೆ, ಬೆಲ್ಟ್ ಹಾಕಿದ ಮೇಲೆ ಮಿಸ್ ಹೊಡೆಯುತ್ತೆ, ಚೋಕ್ ಹಾಕಿದರೂ ಬದಲಾಗಲ್ಲ, ಹೋದ ತಿಂಗಳು ಕಾಯಿಲ್ ಹಾಕಿಸಿದ್ದೆವು" ಎಂದು ಚೀಟಿ ಬರೆದು ಕೊಡಿ. ಸಾಧ್ಯವಾದರೆ ಮಿಸ್ ಹೊಡೆಯುವ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಕೊಟ್ಟಿಗೆಯಲ್ಲಿ ಎಡವುವ ಎಂಜಿನ್ ಮೆಕ್ಯಾನಿಕ್ ಮುಂದೆ ಒಳ್ಳೆಯ ಹುಡುಗನ ಹಾಗೆ ಓಡುವುದುಂಟು.

ಹಸುವಿಗೆ ಕಪ್ ಹಾಕುವ ಮೊದಲು

ಸರಿಯಾಯಿತು ಎಂದು ಅನ್ನಿಸಿದ ಮೇಲೂ ನೇರ ಹಸುವಿನ ಹತ್ತಿರ ಹೋಗಬೇಡಿ. ಎಂಜಿನ್ನನ್ನು ಗಾಳಿಯಾಡುವ ಕಡೆ, ಸೈಲೆನ್ಸರಿನ ಬಾಯಿ ಹೊರಕ್ಕೆ ಇರುವಂತೆ ಇಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಅದರ ಹೊಗೆ ನಿಮಗೂ ದನಕ್ಕೂ ವಿಷ. ಬೆಲ್ಟ್ ಹಾಕಿ, ನಾಲ್ಕೂ ಕಪ್ಪುಗಳ ಬಾಯಿ ಮುಚ್ಚಿ, ಪೂರ್ತಿ ಹಾಲು ಕರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಓಡಿಸಿ. ಒಂದು ಹಸು ಇದ್ದವರಿಗೆ ಹತ್ತು ನಿಮಿಷ, ಐದಾರು ಇದ್ದವರಿಗೆ ಅರ್ಧ ಗಂಟೆ. ಅಷ್ಟೂ ಹೊತ್ತು ವ್ಯಾಕ್ಯೂಮ್ ಮೀಟರಿನ ಮುಳ್ಳು ಒಂದೇ ಕಡೆ ನಿಲ್ಲಬೇಕು. ಆಮೇಲೆ ಒಂದು ಕಪ್ಪಿನ ಬಾಯಿ ಎರಡು ಸೆಕೆಂಡ್ ತೆರೆದು ಮುಚ್ಚಿ. ಮುಳ್ಳು ಇಳಿದು, ಮುಚ್ಚಿದ ಕೂಡಲೇ ಮೊದಲಿನ ಜಾಗಕ್ಕೆ ಬರಬೇಕು. ಪಲ್ಸೇಟರಿನ ಟಕ್ ಟಕ್ ಎಣಿಸಿ. ಸಾಮಾನ್ಯವಾಗಿ ನಿಮಿಷಕ್ಕೆ 60ರ ಆಸುಪಾಸು, ಒಂದೇ ತಾಳದಲ್ಲಿ.

ಎಂಜಿನ್ ಸಮವಾಗಿ ಓಡುತ್ತಿದ್ದರೂ ಮುಳ್ಳು ಆಡುತ್ತಿದ್ದರೆ ಎಂಜಿನ್ನನ್ನು ಬಿಡಿ, ಸಡಿಲ ಬೆಲ್ಟ್, ಬಿರುಕು ಬಿಟ್ಟ ರಬ್ಬರ್ ಪೈಪು, ಕಸ ಸಿಕ್ಕ ರೆಗ್ಯುಲೇಟರ್ ನೋಡಿ. ಮುಳ್ಳು ನಿಂತರೆ ಅಂದಿನ ಮೊದಲ ಕಪ್ಪನ್ನು ಹೊಸದಾಗಿ ಕರು ಹಾಕಿದ ಪಡ್ಡೆಗೆ ಹಾಕಬೇಡಿ. ಯಂತ್ರಕ್ಕೆ ಚೆನ್ನಾಗಿ ಒಗ್ಗಿದ, ಸಮಾಧಾನದ ಹಸುವಿಗೆ ಹಾಕಿ, ಮುಗಿಯುವವರೆಗೆ ಒಂದು ಕಿವಿ ಎಂಜಿನ್ನಿನ ಕಡೆ ಇರಲಿ.